ಓದುಗರ ಪ್ರಶ್ನೆ: ಒಡೆದ ಎಂಜಿನ್ ಕವರ್ ಮನೆಯಲ್ಲೇ ಬದಲಿಸಬಹುದೇ?

ಮಳೆ ಹಿಡಿದರೆ ಕೊಡಗಿನ ತೋಟದ ದಾರಿಗಳಲ್ಲಿ ಪಾಚಿ ಕಟ್ಟುತ್ತದೆ, ಗಾಡಿ ಜಾರುತ್ತದೆ. ಬೀಳುವ ಗಾಡಿಯ ಹೊಟ್ಟೆಯಲ್ಲಿ ಮೊದಲು ನೆಲಕ್ಕೆ ತಾಗುವುದು ಎಂಜಿನ್‌ನ ಪಕ್ಕದ ಕವರ್. ಈ ಸಲದ ಪತ್ರಗಳೆಲ್ಲ ಅದರ ಬಗ್ಗೆಯೇ ಇರುವುದರಿಂದ ಒಟ್ಟಿಗೆ ಉತ್ತರಿಸಿದ್ದೇವೆ.

ಪ್ರಶ್ನೆ: ಇಳಿಜಾರಿನಲ್ಲಿ ಜಾರಿ ಗಾಡಿ ಬಲಕ್ಕೆ ಬಿತ್ತು. 100 ಸಿಸಿ ಬೈಕು. ಕಿಕ್ಕರ್ ಪಕ್ಕ ಕ್ಲಚ್ ಕವರ್ ಸೀಳಿ ಆಯಿಲ್ ಸುರಿಯುತ್ತಿದೆ. ಮಡಿಕೇರಿಗೆ ಸಾಗಿಸಬೇಕೆಂದರೆ ಪಿಕಪ್ ಮಾಡಬೇಕು. ಹೊಸ ಕವರ್ ತಂದರೆ ನಾನೇ ಕೂರಿಸಬಹುದೇ? ಸ್ಪ್ಯಾನರ್ ಹಿಡಿದು ಅಭ್ಯಾಸವಿದೆ, ಎಂಜಿನ್ ಬಿಚ್ಚಿಲ್ಲ. – ನಾಪೋಕ್ಲು

ಉತ್ತರ: ಧಾರಾಳವಾಗಿ ಕೂರಿಸಬಹುದು. ಇಲ್ಲಿ ಎಂಜಿನ್ ಬಿಚ್ಚುವ ಪ್ರಶ್ನೆಯೇ ಇಲ್ಲ, ಪಕ್ಕದ ಮುಚ್ಚಳ ತೆಗೆದು ಇನ್ನೊಂದು ಮುಚ್ಚಳ ಹಾಕುವ ಕೆಲಸ. ಒಂದು ಮಾತು ಮಾತ್ರ ಈಗಲೇ: ಮನೆವರೆಗೆ ತಾನೇ ಎಂದು ಎಂಜಿನ್ ಸ್ಟಾರ್ಟ್ ಮಾಡಬೇಡಿ. ಈ ಗಾಡಿಗಳಲ್ಲಿ ಇರುವುದೇ ಹೆಚ್ಚೆಂದರೆ ಒಂದು ಲೀಟರ್ ಆಯಿಲ್. ಅದು ಇಳಿದರೆ ಮೊದಲು ಬತ್ತುವುದು ಮೇಲಿನ ಹೆಡ್. ಕವರ್‌ನ ಖರ್ಚಿನಲ್ಲಿ ಮುಗಿಯುವುದು ಕ್ಯಾಮ್ ಶಾಫ್ಟ್‌ವರೆಗೆ ಬೆಳೆಯುತ್ತದೆ. ನ್ಯೂಟ್ರಲ್ ಮಾಡಿ ತಳ್ಳಿಕೊಂಡೇ ಬನ್ನಿ.

ಅಂಗಡಿಗೆ ಹೋಗುವಾಗ ಗಾಡಿಯ ಆರ್‌ಸಿ, ಒಡೆದ ಜಾಗದ ಫೋಟೋ ಜೊತೆಗಿರಲಿ. ಒಂದೇ ಹೆಸರಿನ ಗಾಡಿಯಲ್ಲೂ 2020ರ ಏಪ್ರಿಲ್‌ನ ಬಿಎಸ್-6 ಹೊಗೆ ನಿಯಮಕ್ಕಿಂತ ಹಿಂದಿನದಕ್ಕೂ ಮುಂದಿನದಕ್ಕೂ ಭಾಗಗಳು ಬೇರೆಯಾಗಿರಬಹುದು. ತರಬೇಕಾದದ್ದು: ಕವರ್, ಅದರ ಪ್ಯಾಕಿಂಗ್ (ಕವರ್‌ಗೂ ಎಂಜಿನ್‌ಗೂ ನಡುವೆ ಕೂರುವ ಕಾಗದದ ಹಾಳೆ), ಕಿಕ್ಕರ್ ಶಾಫ್ಟಿನ ಆಯಿಲ್ ಸೀಲ್, ಡ್ರೈನ್ ಬೋಲ್ಟಿನ ವಾಷರ್, ಡಿಪ್‌ಸ್ಟಿಕ್‌ನ ಓ-ರಿಂಗ್, ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಎಂಜಿನ್ ಆಯಿಲ್ ಒಂದು ಲೀಟರ್. ಪ್ಯಾಕಿಂಗ್ ಎರಡು ತನ್ನಿ. ಹಾಕುವಾಗ ಒಂದು ಹರಿದರೆ ಅದಕ್ಕೋಸ್ಕರ ಮತ್ತೆ ಪೇಟೆಗೆ ಬಸ್ ಹತ್ತುವುದು ತಪ್ಪುತ್ತದೆ. ಹೊಸ ಕವರ್ ಹೆಚ್ಚಾಗಿ ಬರಿದಾಗಿಯೇ ಬರುತ್ತದೆ, ಸೀಲ್ ಮತ್ತು ಕ್ಲಚ್ ಆರ್ಮ್ ಅದರಲ್ಲಿ ಇರುವುದಿಲ್ಲ. ಹಾಗಾಗಿ ಹಳೆ ಕವರ್ ಎಸೆಯಬೇಡಿ, ಕ್ಲಚ್ ಬಿಡಿಸುವ ಆ ಆರ್ಮನ್ನು ಅದರಿಂದಲೇ ತೆಗೆದು ಹೊಸದಕ್ಕೆ ಹಾಕಬೇಕು.

ಸಾಮಾನು: 8 ಮಿ.ಮೀ. ಟಿ ಸ್ಪ್ಯಾನರ್, 10, 12, 14, 17ರ ರಿಂಗ್ ಸ್ಪ್ಯಾನರ್, ರಬ್ಬರ್ ಸುತ್ತಿಗೆ, ಹಳೆ ಬನಿಯನ್ ಬಟ್ಟೆ, ಅಗಲದ ಬೋಗುಣಿ, ಒಂದು ರಟ್ಟಿನ ತುಂಡು.

ಸೆಂಟರ್ ಸ್ಟ್ಯಾಂಡ್ ಹಾಕಿ ಉಳಿದ ಆಯಿಲನ್ನು ಪೂರ್ತಿ ಬಸಿಯಿರಿ. ಆಮೇಲೆ ಸೈಡ್ ಸ್ಟ್ಯಾಂಡ್ ಹಾಕಿ. ಗಾಡಿ ಎಡಕ್ಕೆ ವಾಲುವುದರಿಂದ ತಳದಲ್ಲಿ ಉಳಿದದ್ದು ಆ ಕಡೆಗೇ ನಿಲ್ಲುತ್ತದೆ, ಕವರ್ ತೆಗೆದಾಗ ಕೈ ಮೇಲೆ ಸುರಿಯುವುದಿಲ್ಲ. ಬಲಗಡೆ ಬ್ರೇಕ್ ಪೆಡಲ್, ಫುಟ್‌ರೆಸ್ಟ್ ಅಡ್ಡ ಬಂದರೆ ಬಿಚ್ಚಿ. ಕೆಲವು ಗಾಡಿಗಳಲ್ಲಿ ಸೈಲೆನ್ಸರನ್ನೂ ಇಳಿಸಬೇಕಾಗುತ್ತದೆ. ಕಿಕ್ಕರ್‌ನ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಅದು ಶಾಫ್ಟಿನ ಕಚ್ಚಿನೊಳಗೆ ಕೂತಿರುವುದರಿಂದ ಅರ್ಧ ಬಿಚ್ಚಿ ಎಳೆದರೆ ಕಿಕ್ಕರ್ ಬರುವುದಿಲ್ಲ. ಕಿಕ್ಕರ್ ಯಾವ ಹಲ್ಲಿಗೆ ಕೂತಿತ್ತೆಂದು ಮಾರ್ಕರ್‌ನಲ್ಲಿ ಗುರುತಿಡಿ. ಕ್ಲಚ್ ಕೇಬಲ್ ಕವರ್‌ಗೆ ಬರುವ ಮಾದರಿಯಾದರೆ ಅದನ್ನೂ ಬಿಡಿಸಿ.

ಈಗ ರಟ್ಟು. ಅದರ ಮೇಲೆ ಕವರ್‌ನ ಆಕಾರ ಗೀಚಿ, ಬೋಲ್ಟ್ ಇರುವ ಕಡೆಗಳಲ್ಲಿ ತೂತು ಮಾಡಿ. ಬಿಚ್ಚಿದ ಪ್ರತಿ ಬೋಲ್ಟನ್ನು ಅದರದೇ ತೂತಿಗೆ ಚುಚ್ಚಿಡಿ. ಒಂದೇ ಕವರ್‌ನಲ್ಲಿ ಎರಡು ಮೂರು ಉದ್ದದ ಬೋಲ್ಟ್‌ಗಳಿರುತ್ತವೆ. ಅವು ಅದಲುಬದಲಾದರೆ ಏನಾಗುತ್ತದೆಂದು ಕೆಳಗೆ ಗೋಣಿಕೊಪ್ಪಲಿನ ಪತ್ರಕ್ಕೆ ಕೊಟ್ಟ ಉತ್ತರದಲ್ಲಿದೆ.

ಬೋಲ್ಟೆಲ್ಲ ಬಂದ ಮೇಲೂ ಕವರ್ ಅಂಟಿಕೊಂಡೇ ಇರುತ್ತದೆ. ಸಂದಿಗೆ ಸ್ಕ್ರೂ ಡ್ರೈವರ್ ತೂರಿಸಿ ಎಬ್ಬಿಸುವ ಆಸೆ ಬೇಡ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಅಲ್ಲಿ ಬಿದ್ದ ಒಂದು ಗೀರು ಮುಂದೆ ಆಯಿಲಿಗೆ ಕಾಲುವೆಯಾಗುತ್ತದೆ. ಅಂಚಿನ ಸುತ್ತ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಬನ್ನಿ, ಬಿಟ್ಟುಕೊಳ್ಳುತ್ತದೆ. ನೇರವಾಗಿ ಹೊರಕ್ಕೆ ಎಳೆಯಿರಿ. ಎಳೆಯುವಾಗ ಕವರ್‌ನ ಒಳಮೈ ನೋಡಿ: ಕಿಕ್ಕರ್ ಶಾಫ್ಟಿನ ತೆಳು ವಾಷರ್ ಆಯಿಲಿನ ಅಂಟಿಗೆ ಕವರ್ ಜೊತೆಗೇ ಬಂದಿರಬಹುದು. ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ಯಾವುದನ್ನೂ ಮುಟ್ಟುವ ಮೊದಲು ಒಂದು ಫೋಟೋ ಹೊಡೆದುಕೊಳ್ಳಿ. ಕವರ್‌ಗೂ ಎಂಜಿನ್‌ಗೂ ನಡುವೆ ಎರಡು ಪುಟ್ಟ ಕೊಳವೆಯಂಥ ಡವಲ್ ಪಿನ್‌ಗಳಿರುತ್ತವೆ, ಅವು ಎರಡೂ ಎಲ್ಲಿವೆಯೆಂದು ಲೆಕ್ಕ ಇಟ್ಟುಕೊಳ್ಳಿ.

ಒಡೆದ ಕವರ್ ಆದ್ದರಿಂದ ಇನ್ನೊಂದು ಕೆಲಸವಿದೆ. ಸಿಕ್ಕಿದ ಚೂರುಗಳನ್ನೆಲ್ಲ ಒಡಕಿನ ಜಾಗಕ್ಕೆ ಜೋಡಿಸಿ ನೋಡಿ. ಎಲ್ಲಾದರೂ ತುಂಡು ಕಡಿಮೆ ಬಿದ್ದರೆ ಅದು ಎಂಜಿನ್ ಒಳಗಿದೆ. ಅಲ್ಯೂಮಿನಿಯಂ ಚೂರನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಟಾರ್ಚ್ ಹಾಕಿ ಕ್ಲಚ್ ಕೆಳಗೆ, ಗೇರುಗಳ ನಡುವೆ, ತಳದ ಆಯಿಲ್ ಜರಡಿಯಲ್ಲಿ ಹುಡುಕಲೇಬೇಕು. ಸಿಗುವವರೆಗೆ ಮುಂದಿನ ಹೆಜ್ಜೆ ಇಡಬೇಡಿ. ಜರಡಿ ಹೇಗೂ ಕೈಗೆ ಸಿಕ್ಕಿದೆ, ತೊಳೆದುಬಿಡಿ. ಕ್ರ್ಯಾಂಕ್ ತುದಿಯಲ್ಲಿ ತಿರುಗುವ ಆಯಿಲ್ ಫಿಲ್ಟರ್ ಇರುವ ಎಂಜಿನ್ ಆದರೆ ಅದರ ಮುಚ್ಚಳ ಬಿಚ್ಚಿ ಒಳಗೆ ಗೋಡೆಗೆ ಮೆತ್ತಿದ ಕಪ್ಪು ಮೇಣದಂಥ ಗಸಿಯನ್ನೂ ಒರೆಸಿ ತೆಗೆಯಿರಿ. ಕವರ್ ತೆಗೆಯದೆ ಅಲ್ಲಿಗೆ ಕೈ ಹೋಗುವುದಿಲ್ಲ.

ಇನ್ನು ಈ ಕೆಲಸದ ಜೀವ: ಪ್ಯಾಕಿಂಗ್ ಕೂರುವ ಮುಖ ಶುಚಿ ಮಾಡುವುದು. ಒಟ್ಟು ಮೂರು ಗಂಟೆ ಹಿಡಿದರೆ ಒಂದೂವರೆ ಗಂಟೆ ಇದಕ್ಕೇ ಹೋಗಲಿ. ಎಂಜಿನ್ ಬಾಯಿಗೆ ಮೊದಲು ಶುಭ್ರ ಬಟ್ಟೆ ತುರುಕಿ, ಕೆರೆದ ಪುಡಿ ಒಳಗೆ ಬೀಳಬಾರದು. ಹಳೆ ಪ್ಯಾಕಿಂಗ್ ಮೇಲೆ ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ ಒತ್ತಿ ಹತ್ತಿಪ್ಪತ್ತು ನಿಮಿಷ ಬಿಡಿ. ಆಮೇಲೆ ಪ್ಲಾಸ್ಟಿಕ್ ಸ್ಕೇಲಿನ ಅಂಚಿನಿಂದ ತಳ್ಳಿದರೆ ಬಹುಪಾಲು ಸಿಪ್ಪೆಯಂತೆ ಏಳುತ್ತದೆ. ಮೊಂಡು ಹಿಡಿದದ್ದಕ್ಕೆ ಹೊಸ ಬ್ಲೇಡನ್ನು ಮುಖಕ್ಕೆ ಪೂರಾ ಮಲಗಿಸಿ ಜಾರಿಸಿ. ಬ್ಲೇಡ್ ನಿಂತರೆ ಲೋಹ ಕೆತ್ತುತ್ತದೆ. ಎಂಜಿನ್ ಕಡೆಯ ಮುಖಕ್ಕೆ ಮರಳು ಕಾಗದ ಮುಟ್ಟಿಸಲೇಬಾರದು. ಅದರ ಕಣ ಆಯಿಲ್‌ನಲ್ಲಿ ಸೇರಿ ಬೇರಿಂಗ್ ತಿನ್ನುತ್ತದೆ. ಕೊನೆಗೆ ಕಣ್ಣಿಗಿಂತ ಬೆರಳನ್ನು ನಂಬಿ: ಕಣ್ಣು ಮುಚ್ಚಿ ಉಗುರಿನ ತುದಿಯನ್ನು ಮುಖದ ಸುತ್ತ ಓಡಿಸಿ. ಉಗುರು ಎಲ್ಲಿಯೂ ತಡೆಯದೆ ಹೋದರೆ ಆಯಿತು. ಡವಲ್ ಪಿನ್‌ನ ಬುಡದಲ್ಲಿ ಉಂಗುರದಂತೆ ಹಳೆ ಪ್ಯಾಕಿಂಗ್ ಉಳಿದಿರುತ್ತದೆ, ಎಲ್ಲರೂ ಮರೆಯುವ ಜಾಗ ಅದು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಎರಡೂ ಮುಖ ಒರೆಸಿ ಒಣಗಿಸಿ. ಒಲೆ, ದೀಪ, ಬೀಡಿ ಹತ್ತಿರ ಇರದಿರಲಿ.

ಹೊಸ ಕವರ್‌ಗೆ ಕಿಕ್ಕರ್ ಸೀಲ್ ಕೂರಿಸಿ. ಸೀಲ್‌ನಷ್ಟೇ ಅಗಲದ ಸಾಕೆಟ್ ಮೇಲಿಟ್ಟು ಸಮನಾಗಿ ತಟ್ಟಿ, ಸ್ಪ್ರಿಂಗ್ ಕಾಣುವ ಮುಖ ಎಂಜಿನ್ ಒಳಕ್ಕೆ. ಸೀಲ್ ತುಟಿಗೆ ಒಂದಿಷ್ಟು ಆಯಿಲ್ ಸವರಿ. ಶಾಫ್ಟಿನ ಹಲ್ಲುಗಳಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಅದರ ಮೇಲಿಂದ ಕವರ್ ಜಾರಿಸಬೇಕು. ಬರಿ ಹಲ್ಲಿನ ಮೇಲೆ ಎಳೆದರೆ ಹೊಸ ಸೀಲ್ ಮೊದಲ ದಿನವೇ ಹರಿದಿರುತ್ತದೆ. ಕಾಗದದ ಪ್ಯಾಕಿಂಗನ್ನು ಡವಲ್ ಪಿನ್‌ಗಳಿಗೆ ನೇತುಹಾಕಿ. ಮುಖ ಚೆನ್ನಾಗಿದ್ದರೆ ಅದಕ್ಕೆ ಏನೂ ಹಚ್ಚಬೇಕಿಲ್ಲ. ಜಾರುತ್ತಿದ್ದರೆ ಗ್ರೀಸಿನ ತೆಳು ಪದರ ಸಾಕು. ಶೆಲ್ಲಾಕ್ ಅಂಟು ಹಚ್ಚಿದರೆ ಮುಂದಿನ ಸಲ ಕೆರೆಯುವವರ ಗತಿ ಯೋಚಿಸಿ.

ಕವರ್ ಕೈಯಿಂದಲೇ ಪೂರ್ತಿ ಕೂರಬೇಕು. ಎರಡು ಮೂರು ಮಿಲಿಮೀಟರ್ ಸಂದಿ ಉಳಿದರೆ ಒಳಗೆ ಏನೋ ತಡೆಯುತ್ತಿದೆ ಎಂದರ್ಥ, ಆ ಸಂದಿಯನ್ನು ಬೋಲ್ಟ್ ಬಿಗಿದು ಮುಚ್ಚಲು ಹೋದರೆ ಕವರ್‌ನ ಬೋಲ್ಟ್ ಕೂರುವ ಕಿವಿ ಮುರಿಯುತ್ತದೆ. ಕ್ಲಚ್ ಆರ್ಮನ್ನೋ ಕಿಕ್ಕರ್ ಶಾಫ್ಟನ್ನೋ ತುಸು ಆಡಿಸಿ ನೋಡಿ. ಬೋಲ್ಟ್‌ಗಳನ್ನೆಲ್ಲ ಮೊದಲು ಬೆರಳಿನಲ್ಲೇ ತಿರುಗಿಸಿ, ನಂತರ ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿಯಿರಿ. 8ರ ತಲೆಯ 6 ಮಿ.ಮೀ. ಬೋಲ್ಟಿಗೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್, ಹೆಚ್ಚೆಂದರೆ 12. ಟಾರ್ಕ್ ರೆಂಚ್ ಇಲ್ಲದವರಿಗೆ ಲೆಕ್ಕ: 10 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ 10 ಕೆ.ಜಿ. ಎಳೆತ. ಟಿ ಸ್ಪ್ಯಾನರನ್ನು ಬರಿ ಮಣಿಕಟ್ಟಿನಿಂದ ತಿರುಗಿಸಿ, ಭುಜದ ಬಲ ಹಾಕಬೇಡಿ.

ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಆಯಿಲ್ ತುಂಬಿ. ಇಗ್ನಿಷನ್ ಆಫ್ ಇಟ್ಟು ಹದಿನೈದಿಪ್ಪತ್ತು ಸಲ ಕಿಕ್ ಮಾಡಿದರೆ ಆಯಿಲ್ ಮೇಲಕ್ಕೇರುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ನಿಧಾನಕ್ಕೆ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಸೆಂಟರ್ ಸ್ಟ್ಯಾಂಡ್‌ನಲ್ಲಿ ಮಟ್ಟ ನೋಡಿ. ಬಹಳಷ್ಟು ಗಾಡಿಗಳಲ್ಲಿ ಮಟ್ಟ ನೋಡುವಾಗ ಡಿಪ್‌ಸ್ಟಿಕ್ ತಿರುಪಬಾರದು, ಸುಮ್ಮನೆ ಇಳಿಬಿಡಬೇಕು.

ಪ್ರಶ್ನೆ: ಕವರ್‌ನ ಸ್ಟಾರ್ ಸ್ಕ್ರೂಗಳು ಕದಲುವುದೇ ಇಲ್ಲ. ಎರಡರ ತಲೆ ಸವೆದು ಗುಂಡಗಾಗಿದೆ. ಡ್ರಿಲ್ ಮಾಡಿ ತೆಗೆಯಲೇ? – ಸಿದ್ದಾಪುರ

ಉತ್ತರ: ಸ್ಕ್ರೂ ಉಕ್ಕು, ಎಂಜಿನ್ ಅಲ್ಯೂಮಿನಿಯಂ. ವರ್ಷದಲ್ಲಿ ನಾಲ್ಕೈದು ತಿಂಗಳು ತೇವದಲ್ಲೇ ನಿಲ್ಲುವ ಗಾಡಿಯಲ್ಲಿ ಈ ಎರಡು ಲೋಹಗಳ ನಡುವೆ ಬಿಳಿ ಪುಡಿ ಕಟ್ಟಿ ಹಿಡಿದುಕೊಳ್ಳುತ್ತದೆ. ತಲೆ ಚೆನ್ನಾಗಿರುವ ಸ್ಕ್ರೂಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಮರುದಿನ ಕುದಿಯುವ ನೀರಲ್ಲಿ ಅದ್ದಿದ ಬಟ್ಟೆಯನ್ನು ಸ್ಕ್ರೂ ಸುತ್ತಲಿನ ಕವರ್‌ಗೆ ಒತ್ತಿಹಿಡಿಯಿರಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಬೆಂಕಿಯ ಗನ್ ಬೇಡ, ಮೇಲೆಯೇ ಪೆಟ್ರೋಲ್ ಟ್ಯಾಂಕ್ ಇದೆ. ಆಮೇಲೆ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಏಟು ನೇರವಾಗಿ ಬೀಳಲಿ. ಕೈಯ ಸ್ಟಾರ್ ಡ್ರೈವರ್‌ನಲ್ಲಿ ಹೆಣಗಾಡಿದಷ್ಟೂ ತಲೆ ಸವೆಯುತ್ತದೆ.

ಸವೆದು ಹೋದ ಎರಡಕ್ಕೆ ಡ್ರಿಲ್ ಸರಿ, ಆದರೆ ತಲೆಗೆ ಮಾತ್ರ. 6.5 ಮಿ.ಮೀ. ಬಿಟ್‌ನಿಂದ ತಲೆಯ ನಡುವೆ ಕೊರೆಯುತ್ತ ಹೋದರೆ ತಲೆ ಉದುರಿಬಿಡುತ್ತದೆ, ಅಷ್ಟಕ್ಕೇ ನಿಲ್ಲಿಸಿ. ಕವರ್ ಹೊರಬಂದ ಮೇಲೆ ಸ್ಕ್ರೂವಿನ ದಂಟು ಎಂಜಿನ್‌ನಿಂದ ಕವರ್‌ನ ದಪ್ಪದಷ್ಟು ಹೊರಗೆ ಚಾಚಿ ನಿಂತಿರುತ್ತದೆ. ತಲೆಯ ಎಳೆತ ಹೋದದ್ದರಿಂದ ಬಿಗಿಯೂ ಅರ್ಧ ಕಡಿಮೆಯಾಗಿರುತ್ತದೆ. ವೈಸ್ ಗ್ರಿಪ್‌ನಲ್ಲಿ ಹಿಡಿದು ಹಿಂದೆ ಮುಂದೆ ಆಡಿಸುತ್ತ ತಿರುಗಿಸಿದರೆ ಬರುತ್ತದೆ. ಕವರ್ ಇರುವಾಗಲೇ ಆಳಕ್ಕೆ ಕೊರೆದವರು ಈ ಹಿಡಿಯನ್ನೇ ಕಳೆದುಕೊಳ್ಳುತ್ತಾರೆ.

ಬುಡದಲ್ಲೇ ಮುರಿದರೆ ಅಥವಾ ಥ್ರೆಡ್ ಎದ್ದು ಬಂದರೆ ಲೇತ್ ಅಂಗಡಿಗೆ ಬಿಡಿ. 6.3 ಮಿ.ಮೀ. ತೂತು ಕೊರೆದು ಟ್ಯಾಪ್ ಹೊಡೆದು ಸ್ಪ್ರಿಂಗ್‌ನಂಥ ಥ್ರೆಡ್ ಇನ್ಸರ್ಟ್ ಕೂರಿಸುತ್ತಾರೆ, ಮೂಲ ಥ್ರೆಡ್‌ಗಿಂತ ಗಟ್ಟಿ. ಮತ್ತೆ ಹಾಕುವಾಗ ಸ್ಟಾರ್ ಸ್ಕ್ರೂ ಬಿಟ್ಟು ಅದೇ ಉದ್ದದ ಅಲನ್ ಬೋಲ್ಟ್ ಹಾಕಿ, ಥ್ರೆಡ್‌ಗೆ ಚಿಟಿಕೆ ಗ್ರೀಸ್ ಸವರಿ.

ಪ್ರಶ್ನೆ: ಗ್ಯಾರೇಜಿನಲ್ಲಿ ಕವರ್ ಪ್ಯಾಕಿಂಗ್ ಎರಡು ಸಲ ಬದಲಿಸಿದ್ದಾಯಿತು. ಆದರೂ ನಿಲ್ಲಿಸಿದ ಜಾಗದಲ್ಲಿ ಬೆಳಗಾಗುವಾಗ ಎರಡು ಹನಿ ಆಯಿಲ್. ಇನ್ನೂ ಬಿಗಿ ಮಾಡಲೇ? – ಗೋಣಿಕೊಪ್ಪಲು

ಉತ್ತರ: ದಯವಿಟ್ಟು ಬೇಡ. ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಆಯಿಲ್ ಮೈಮೇಲೆ ಹರಿದು ಅತಿ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಎಂಜಿನ್ ಬಲಮೈಯನ್ನು ಡೀಸೆಲ್, ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಕವರ್ ಸುತ್ತ ಉದುರಿಸಿ. ಹತ್ತು ನಿಮಿಷ ಎಂಜಿನ್ ಓಡಿಸಿ ಟಾರ್ಚ್‌ನಲ್ಲಿ ನೋಡಿದರೆ ಪೌಡರ್ ಮೇಲೆ ಕಪ್ಪು ಗೆರೆ ಎಲ್ಲಿಂದ ಶುರುವಾಗಿದೆಯೆಂದು ಕಾಣುತ್ತದೆ. ಗೆರೆ ಕಿಕ್ಕರ್ ಬುಡದಿಂದ ಬಂದಿದ್ದರೆ ತಪ್ಪು ಸೀಲ್‌ನದು. ಇಂಥ ಸೀಲ್ ಸೋರಿಕೆಯನ್ನು ಪ್ಯಾಕಿಂಗ್ ಸೋರಿಕೆ ಎಂದು ತಿಳಿಯುವುದು ತುಂಬಾ ಸಾಮಾನ್ಯ. ಡಿಪ್‌ಸ್ಟಿಕ್ ಓ-ರಿಂಗನ್ನೂ ನೋಡಿ.

ಅಂಚಿನಿಂದಲೇ ಎಂದಾದರೆ ನಮ್ಮ ಅನುಮಾನ ಬೋಲ್ಟ್‌ಗಳ ಮೇಲೆ. ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ತಳಕ್ಕೆ ತಾಗಿ ಬಿಗಿಯಾಯಿತು ಅನ್ನಿಸುತ್ತದೆ, ಆದರೆ ಕವರನ್ನು ಒತ್ತಿಯೇ ಇರುವುದಿಲ್ಲ. ಗಿಡ್ಡದ್ದು ಆಳದ ತೂತಿಗೆ ಹೋದರೆ ಎರಡು ಮೂರು ಸುತ್ತು ಮಾತ್ರ ಹಿಡಿದು ಥ್ರೆಡ್ ಕಿತ್ತುಕೊಂಡು ಬರುತ್ತದೆ. ಪರೀಕ್ಷೆ ಸುಲಭ: ಬೋಲ್ಟ್‌ಗಳನ್ನೆಲ್ಲ ಬಿಚ್ಚಿ ತಿರುಗಿಸದೆ ತೂತುಗಳಿಗೆ ಇಳಿಬಿಡಿ. ಎಲ್ಲ ತಲೆಗಳೂ ಕವರ್‌ನಿಂದ ಒಂದೇ ಎತ್ತರದಲ್ಲಿ, ಸುಮಾರು 10–12 ಮಿ.ಮೀ. ಮೇಲೆ ನಿಲ್ಲಬೇಕು. ಒಂದು ಮೇಲಕ್ಕೆ, ಒಂದು ತಗ್ಗಿನಲ್ಲಿ ನಿಂತರೆ ಅವೆರಡು ಅದಲುಬದಲಾಗಿವೆ.

ಅದೂ ಸರಿಯಿದ್ದರೆ ಕವರ್ ಬಿಚ್ಚಿ ಅದರ ಮುಖವನ್ನು ದಪ್ಪ ಗಾಜಿನ ಮೇಲಿಡಿ. ಒಂದು ಮೂಲೆ ಒತ್ತಿದಾಗ ಇನ್ನೊಂದು ಮೂಲೆ ಟಕ್ಕೆಂದು ಎದ್ದರೆ ಕವರ್ ಸೊಟ್ಟಗಾಗಿದೆ, ಅತಿಬಿಗಿಯ ಫಲ ಅದು. ಕವರ್ ಎಂಜಿನ್‌ನಿಂದ ಹೊರಗಿರುವ ವಸ್ತು, ಆದ್ದರಿಂದ ಇದಕ್ಕೆ ಮಾತ್ರ ಮರಳು ಕಾಗದ ಸಲ್ಲುತ್ತದೆ: ಗಾಜಿನ ಮೇಲೆ 400 ನಂಬರಿನ ಹಾಳೆ ಹಾಸಿ, ಆಯಿಲ್ ಬಿಟ್ಟು, ಕವರನ್ನು ಎಂಟರ ಆಕಾರದಲ್ಲಿ ಉಜ್ಜಿ, ಸೋಪು ನೀರಲ್ಲಿ ಚೆನ್ನಾಗಿ ತೊಳೆಯಿರಿ. ಎಂಜಿನ್ ಕಡೆ ಗೀರಿದ್ದರೆ ಆ ಗೀರಿನ ಮೇಲಷ್ಟೇ ಅನಬಾಂಡ್ ಎಂಬ ಸೋರಿಕೆ ತಡೆಯುವ ಅಂಟಿನ ಸಾಸಿವೆಯಷ್ಟು ತೆಳು ಎಳೆ. ಹೆಚ್ಚಾಗಿ ಹಿಂಡಿದ್ದು ಒಳಕ್ಕೆ ಹುಳುವಿನಂತೆ ತೂಗಿ, ಕಡಿದು ಬಿದ್ದು, ಆಯಿಲ್ ಜರಡಿ ಮುಚ್ಚುತ್ತದೆ. ಹಚ್ಚಿದ ಮೇಲೆ ಒಂದು ದಿನ ಒಣಗಲು ಬಿಟ್ಟು ಆಯಿಲ್ ಹಾಕಿ.

ಪ್ರಶ್ನೆ: ಕವರ್ ಸಿಗಲು ವಾರ ಬೇಕಂತೆ. ಅಷ್ಟರವರೆಗೆ ಬಿರುಕಿಗೆ ಎಂ-ಸೀಲ್ ಮೆತ್ತಿ ಓಡಿಸಬಹುದೇ? – ಶನಿವಾರಸಂತೆ

ಉತ್ತರ: ಬಿರುಕು ಎಲ್ಲಿದೆ ಎನ್ನುವುದರ ಮೇಲೆ ಹೋಗುತ್ತದೆ. ಕವರ್‌ನ ಹೊಟ್ಟೆಯಲ್ಲಿ ಕೂದಲೆಳೆಯಂತಿದ್ದರೆ ಆಗಬಹುದು. ಬೋಲ್ಟ್ ಕಿವಿಯಲ್ಲೋ ಕಿಕ್ಕರ್ ಶಾಫ್ಟಿನ ಸುತ್ತಲೋ ಇದ್ದರೆ ಯಾವ ಅಂಟೂ ಆ ಭಾರ ತಡೆಯುವುದಿಲ್ಲ. ಮೇಲಿನಿಂದ ಮೆತ್ತಿದ್ದು ಒಳಗಿನಿಂದ ಒಸರುವ ಆಯಿಲಿಗೆ ಎದ್ದುಬಿಡುತ್ತದೆ, ಆದ್ದರಿಂದ ಕವರ್ ಕಳಚಿಯೇ ಮಾಡಬೇಕು. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದರೆ ಅದು ಮುಂದೆ ಓಡುವುದು ನಿಲ್ಲುತ್ತದೆ. ಬಿರುಕನ್ನು ಸಣ್ಣ ಕಾಲುವೆಯಂತೆ ಕೆರೆದು, ಸುತ್ತ ಒರಟು ಮಾಡಿ, ಪೆಟ್ರೋಲಿನಲ್ಲಿ, ಆಮೇಲೆ ಥಿನ್ನರ್‌ನಲ್ಲಿ ಒರೆಸಿ. ಲೋಹಕ್ಕೆಂದೇ ಬರುವ ಎರಡು ಟ್ಯೂಬಿನ ಎಪಾಕ್ಸಿ ಒಳಗೂ ಹೊರಗೂ ತುಂಬಿ. ಜುಲೈ ಚಳಿಯಲ್ಲಿ ಎಪಾಕ್ಸಿ ಗಟ್ಟಿಯಾಗಲು ತಡ, 60 ವ್ಯಾಟಿನ ಹಳೆ ಬಲ್ಬಿನ ಕೆಳಗೆ ಒಂದು ಇಡೀ ದಿನ ಇಡಿ. ಪ್ರತಿ ಸಲ ಹೊರಡುವ ಮುಂಚೆ ಆಯಿಲ್ ಮಟ್ಟ ನೋಡಿ. ಹೊಸ ಕವರ್ ಬಂದ ದಿನವೇ ಬದಲಿಸಿ.

ಆರ್ಗಾನ್ ವೆಲ್ಡಿಂಗ್ ಇದಕ್ಕಿಂತ ಗಟ್ಟಿ, ಕವರ್ ಸಿಗದೇ ಹೋದ ಹಳೆ ಗಾಡಿಗಳಿಗೆ ಅದೇ ದಾರಿ. ಕಾಯ್ದಾಗ ಸೊಟ್ಟಗಾಗದಂತೆ ಚಪ್ಪಟೆ ಕಬ್ಬಿಣದ ಹಲಗೆಗೆ ಬೋಲ್ಟ್ ಹಾಕಿಕೊಂಡು ಮಾಡಲು ಹೇಳಿ.

ಪ್ರಶ್ನೆ: ಎಡಗಡೆಯ ಕವರ್ ಬದಲಿಸಲೂ ಇದೇ ಕ್ರಮವೇ? – ಸುಂಟಿಕೊಪ್ಪ

ಉತ್ತರ: ಬಹುಪಾಲು ಇದೇ, ಆದರೆ ಎಡಗಡೆ ಮ್ಯಾಗ್ನೆಟ್ ಇದೆ. ಹಲವು ಗಾಡಿಗಳಲ್ಲಿ ಕಾಯಿಲ್‌ಗಳು ಕವರ್‌ನ ಒಳಮೈಗೇ ಕೂತಿರುತ್ತವೆ, ಮ್ಯಾಗ್ನೆಟ್ ಅವನ್ನು ಹಿಡಿದೆಳೆಯುತ್ತದೆ. ತೆಗೆಯುವಾಗ ಇದ್ದಕ್ಕಿದ್ದಂತೆ ಬಿಡುತ್ತದೆ, ಹಾಕುವಾಗ ಕೈಯಿಂದ ಕಸಿದಂತೆ ಒಳಕ್ಕೆ ಸೆಳೆಯುತ್ತದೆ. ಬೆರಳು ಅಂಚಿನಲ್ಲಿ ಇರಬಾರದು, ಹೊರಮೈ ಹಿಡಿದೇ ಕೂರಿಸಿ. ಮ್ಯಾಗ್ನೆಟ್ ಒಳಗೆ ವಾಷರ್, ಕಬ್ಬಿಣದ ಚೂರು ಅಂಟಿದೆಯೇ ಎಂದು ಸುತ್ತಲೂ ನೋಡಿ. ವೈರ್ ಹೊರಬರುವ ರಬ್ಬರ್ ಬುಚ್ಚಿನ ಬುಡಕ್ಕೆ ಒಂದಿಷ್ಟು ಅನಬಾಂಡ್ ಇಲ್ಲಿ ನಿಜಕ್ಕೂ ಬೇಕು, ಸೋರುವುದು ಅಲ್ಲಿಂದಲೇ. ವೈರ್ ಅಂಚಿಗೆ ಸಿಕ್ಕಿ ನುಜ್ಜಾದರೆ ಚಾರ್ಜಿಂಗ್ ಹೋಗುತ್ತದೆ. ಸೈಡ್ ಸ್ಟ್ಯಾಂಡ್ ಉಪಾಯ ಇಲ್ಲಿ ತಿರುಗುಮುರುಗು: ಎಡಕ್ಕೆ ವಾಲಿದರೆ ಆಯಿಲೆಲ್ಲ ಈ ಕಡೆಗೇ ಬರುತ್ತದೆ. ಸೆಂಟರ್ ಸ್ಟ್ಯಾಂಡ್‌ನಲ್ಲೇ ಮಾಡಿ.

ಪ್ರಶ್ನೆ: ಕವರ್ ಹಾಕಿದ ಮೇಲೆ ಕ್ಲಚ್ ಹಿಡಿದರೂ ಗಾಡಿ ಮುಂದಕ್ಕೆ ಎಳೆಯುತ್ತದೆ, ಗೇರ್ ಕಟಕಟ ಅನ್ನುತ್ತದೆ. – ಪೊನ್ನಂಪೇಟೆ

ಉತ್ತರ: ಮೊದಲು ಕೇಬಲ್. ಲಿವರ್ ತುದಿಯಲ್ಲಿ 10ರಿಂದ 15 ಮಿ.ಮೀ. ಸಡಿಲ ಇರಬೇಕು, ಹೆಚ್ಚಿದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಹ್ಯಾಂಡಲ್ ಕಡೆಯ ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಎಂಜಿನ್ ಕಡೆಯದರಲ್ಲಿ ಸರಿಮಾಡಿ. ಸರಿಹೋಗದಿದ್ದರೆ ಕವರ್ ಒಳಗಿನ ಒತ್ತುವ ಕಡ್ಡಿಯೋ ಕ್ಲಚ್ ನಡುವಿನ ಪುಟ್ಟ ಬೇರಿಂಗೋ ಹಾಕುವಾಗ ಜಾರಿ ಬಿದ್ದಿರಬಹುದು, ಕವರ್ ಮತ್ತೆ ತೆಗೆಯಲೇಬೇಕು. ಸೋರಿಕೆ ನಿಲ್ಲಲೆಂದು ಎರಡು ಪ್ಯಾಕಿಂಗ್ ಒಟ್ಟಿಗೆ ಹಾಕಿದ್ದರೂ ಕವರ್ ಕ್ಲಚ್‌ನಿಂದ ದೂರ ಸರಿದು ಹೀಗಾಗುತ್ತದೆ. ಎಳೆಯುವುದರ ಬದಲು ಕ್ಲಚ್ ಜಾರುತ್ತಿದ್ದರೆ, ಅಂದರೆ ಎಂಜಿನ್ ಕೂಗಿ ಗಾಡಿ ಏರದಿದ್ದರೆ, ಹಾಕಿದ ಆಯಿಲಿನ ಡಬ್ಬಿ ನೋಡಿ. ಜಾಸೋ ಎಂಎ ಅಥವಾ ಎಂಎ2 ಎಂದು ಬರೆದಿರಬೇಕು, ಆಯಿಲ್‌ನಲ್ಲೇ ತೊಯ್ದಿರುವ ಬೈಕಿನ ಕ್ಲಚ್‌ಗೆ ಹೊಂದುವ ಆಯಿಲಿನ ಗುರುತು ಅದು. ಕಾರಿನ ಆಯಿಲ್ ಈ ಕ್ಲಚ್‌ಗೆ ಆಗಿಬರುವುದಿಲ್ಲ.

ಪ್ರಶ್ನೆ: ನಮ್ಮದು ಹಳೆ ಬುಲೆಟ್. ಕ್ಲಚ್ ಕವರ್ ಯಾವ ಕಡೆ? – ವಿರಾಜಪೇಟೆ

ಉತ್ತರ: ಎಡಕ್ಕೆ. ಹಳೆ ಕಬ್ಬಿಣದ ಎಂಜಿನ್‌ನಲ್ಲಿ ಆ ಕವರ್ ನಡುವಿನ ಒಂದೇ ದೊಡ್ಡ ನಟ್‌ನಲ್ಲಿ ನಿಂತಿರುತ್ತದೆ, ಸುತ್ತ ಕಾಗದದ ಪ್ಯಾಕಿಂಗ್ ಬದಲು ರಬ್ಬರ್ ಪಟ್ಟಿ. ಅಲ್ಲಿನ ಆಯಿಲ್ ಎಂಜಿನ್ ಆಯಿಲ್‌ನಿಂದ ಬೇರೆ, ಕವರ್ ಹಾಕಿದ ಮೇಲೆ ಅದನ್ನು ಪ್ರತ್ಯೇಕವಾಗಿ ತುಂಬಬೇಕು. ನಟ್ ಅತಿಯಾಗಿ ಬಿಗಿದರೆ ನಡು ಒಳಕ್ಕೆ ಬಾಗಿ ಅಂಚು ತೆರೆದುಕೊಳ್ಳುತ್ತದೆ.

ಪ್ರಶ್ನೆ: ಬಸಿದ ಆಯಿಲನ್ನು ತೋಟದ ಬೇಲಿ ಕಂಬಕ್ಕೆ ಹಚ್ಚಿ ಉಳಿದದ್ದನ್ನು ಚೆಲ್ಲುತ್ತೇವೆ. ತೊಂದರೆಯೇ? – ಭಾಗಮಂಡಲ

ಉತ್ತರ: ತೊಂದರೆಯೇ. ಬಳಸಿದ ಆಯಿಲ್‌ನಲ್ಲಿ ಎಂಜಿನ್ ಸವೆದ ಲೋಹದ ಪುಡಿಯೂ ಮಸಿಯೂ ಇರುತ್ತದೆ. ನಿಮ್ಮಲ್ಲಿ ಚೆಲ್ಲಿದ್ದು ಮೊದಲ ಮಳೆಗೆ ತೋಡಿಗೆ, ತೋಡಿನಿಂದ ಕಾವೇರಿಗೆ ಇಳಿಯುತ್ತದೆ. ಕಂಬಕ್ಕೆ ಹಚ್ಚಿದ್ದೂ ಮಳೆಗೆ ತೊಳೆದು ಅಲ್ಲಿಗೇ ಹೋಗುತ್ತದೆ. ಹೊಸ ಆಯಿಲ್ ಬಂದ ಖಾಲಿ ಡಬ್ಬಿಗೇ ಬಸಿದದ್ದನ್ನು ತುಂಬಿ, ಮುಚ್ಚಳ ಬಿಗಿದು, ಪೇಟೆಗೆ ಹೋಗುವಾಗ ಸರ್ವಿಸ್ ಸ್ಟೇಷನ್‌ಗೆ ಕೊಡಿ. ಅಲ್ಲಿ ಹಳೆ ಆಯಿಲ್ ಡ್ರಮ್ಮಿನಲ್ಲಿ ಕೂಡಿಟ್ಟು ಮರುಶುದ್ಧಿ ಮಾಡುವವರಿಗೆ ಕೊಡುತ್ತಾರೆ. ಆಯಿಲ್ ಹಿಡಿದ ಬಟ್ಟೆ, ಕೆರೆದ ಪ್ಯಾಕಿಂಗ್ ಪುಡಿಯನ್ನು ಕಾಫಿ ಒಣಗಿಸುವ ಕಣದ ಹತ್ತಿರ ಬಿಡಬೇಡಿ. ಕೆಲಸ ಶುರು ಮಾಡುವಾಗಲೇ ಗಾಡಿ ಕೆಳಗೆ ಹಳೆ ಟಾರ್ಪಾಲು ಹಾಸಿದ್ದರೆ ಎಲ್ಲವನ್ನೂ ಒಂದೇ ಮಡಿಕೆಯಲ್ಲಿ ಎತ್ತಬಹುದು.